ನಿಮ್ಮ ನಾಡು ಯಾವುದು?

ಜಪಾನಿನ ಐಜುವಿಗೆ ಹೋಗಿ ಇನ್ನೂ ವಾರವಾಗಿರಲಿಲ್ಲ. ಬಾಡಿಗೆ ಮನೆಯ ಎದುರು ರಾತ್ರಿಯೆಲ್ಲ ಸುರಿದಿದ್ದ ಹಿಮವನ್ನು ಸಲಿಕೆಯಲ್ಲಿ ಎತ್ತಿಹಾಕಲು ಒದ್ದಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ತಮ್ಮ ಅಂಗಳ ಆಗಲೇ ಚೊಕ್ಕಟ ಮಾಡಿ ನಿಂತಿದ್ದರು. ನನ್ನ ಅವಸ್ಥೆ ನೋಡಿ ನಗುತ್ತಾ ‘ಒಕುನಿ ವಾ?’ ಅಂದರು. ನಿಮ್ಮ ಕುನಿ ಯಾವುದು? ಕುನಿ ಅಂದರೆ ದೇಶ ಎಂದು ಬೆಂಗಳೂರಿನ ಜಪಾನಿ ತರಗತಿಯಲ್ಲಿ ಉರು ಹೊಡೆದಿದ್ದೆ. ‘ಇಂಡಿಯಾ’ ಅಂದೆ. ‘ಅದು ಮುಖ ನೋಡಿದರೇ ಗೊತ್ತಾಗುತ್ತೆ, ಇಂಡಿಯಾದಲ್ಲಿ ಎಲ್ಲಿ?’ ಅಂದರು. ‘ಶಿರಸಿ’ ಅಂದೆ. ‘ಶಿರುಶಿ, ಶಿರುಶಿ’ ಎಂದು ಎರಡು ಸಲ ಬಾಯಿಗೆ ಕೂರಿಸಿಕೊಂಡು, ಈಗ ಸರಿಯಾಯಿತು ಅನ್ನುವಂತೆ ತಲೆಯಾಡಿಸಿದರು. ‘ನಿಮ್ಮದು?’ ಎಂದು ಕೇಳಿದೆ. ‘ಐಜು’ ಅಂದರು. ಜಪಾನ್ ಅನ್ನಲಿಲ್ಲ, ಸರಿ. ಆದರೆ ಫುಕುಶಿಮಾ ಅಂತಲೂ ಅನ್ನಲಿಲ್ಲ.

ನಕಾಶೆಯಲ್ಲಿ ಐಜು ಎಂಬ ಪ್ರಾಂತವೇ ಇಲ್ಲ. ಐಜು-ವಕಮತ್ಸು ಎಂಬ ಊರಿದೆ, ಅದು ಫುಕುಶಿಮಾ ಪ್ರಾಂತದ ಪಶ್ಚಿಮದ ಮೂಲೆಯಲ್ಲಿ ಸುತ್ತಲೂ ಬೆಟ್ಟಗಳಿರುವ ಬೋಗುಣಿಯಂಥ ಬಯಲಿನಲ್ಲಿದೆ. ಅಲ್ಲಿ ಕಂಪ್ಯೂಟರ್ ವಿದ್ಯೆಗೆಂದೇ 1993ರಲ್ಲಿ ಶುರುವಾದ ವಿಶ್ವವಿದ್ಯಾಲಯದಲ್ಲಿ ನಾನು ಮೂರು ವರ್ಷ ಇದ್ದೆ. ಮೂರು ವರ್ಷದಲ್ಲಿ ‘ನಾನು ಫುಕುಶಿಮಾದವನು’ ಎಂದು ತಾನಾಗಿ ಹೇಳಿದ ಐಜುವಿನವರನ್ನು ಬೆರಳೆಣಿಕೆಯಷ್ಟೂ ಕಾಣಲಿಲ್ಲ.

ಕುನಿ ಎಂಬ ಮಾತಿನ ಗುಟ್ಟು ತಿಳಿಯಲು ಕನ್ನಡಿಗರಿಗೆ ಕಷ್ಟವಿಲ್ಲ, ನಮ್ಮ ‘ನಾಡು’ ಕೂಡ ಹಾಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಕನ್ನಡನಾಡು ಅಂದರೆ ಇಡೀ ರಾಜ್ಯ. ಮಲೆನಾಡು ಅಂದರೆ ಘಟ್ಟದ ಸೀಮೆ. ನಾಡಕಚೇರಿ ಅಂದರೆ ಜಾತಿ ಪ್ರಮಾಣಪತ್ರಕ್ಕೆ ಸಾಲು ನಿಲ್ಲುವ ಹೋಬಳಿಯ ಆಫೀಸು. ಜಪಾನಿನಲ್ಲಿ ಬಹಳ ಹಿಂದೆ, ಚಕ್ರವರ್ತಿಯ ಆಡಳಿತ ಗಟ್ಟಿಯಾಗಿದ್ದ ಕಾಲದಲ್ಲಿ, ದೇಶವನ್ನು ಅರವತ್ತಕ್ಕೂ ಹೆಚ್ಚು ಕುನಿಗಳಾಗಿ ವಿಂಗಡಿಸಿದ್ದರು. ಮುಂದೆ ತೊಕುಗಾವಾ ಶೋಗನ್‌ಗಳ ಕಾಲಕ್ಕೆ, ಚಕ್ರವರ್ತಿಯ ಹೆಸರಿನಲ್ಲಿ ಸೇನಾಧಿಪತಿಗಳೇ ದೇಶ ಆಳುತ್ತಿದ್ದ 1600ರ ನಂತರದ ದಿನಗಳಲ್ಲಿ, ಡೈಮ್ಯೊ ಎಂಬ ದೊರೆಗಳ ಸೀಮೆಯೂ ಜನರ ಬಾಯಲ್ಲಿ ಕುನಿಯೇ ಆಯಿತು. ಇತಿಹಾಸದ ಪುಸ್ತಕಗಳಲ್ಲಿ ಈ ಸಂಸ್ಥಾನಗಳಿಗೆ ‘ಹನ್’ ಎಂಬ ಹೆಸರಿದೆ. ತಮಾಷೆಯೆಂದರೆ ಆ ಪದ ಸರ್ಕಾರಿ ಕಾಗದಕ್ಕೆ ಬಂದದ್ದು 1868ರಲ್ಲಿ. ಹನ್‌ಗಳನ್ನು ರದ್ದು ಮಾಡಿದ್ದು 1871ರಲ್ಲಿ. ನಾಮಕರಣವಾಗಿ ಮೂರು ವರ್ಷಕ್ಕೆ ತಿಥಿ!

ಈ ಸಂಸ್ಥಾನಗಳ ಅಳತೆ ಎಂಥದ್ದು ಎಂದು ನನಗೆ ಅರ್ಥವಾದದ್ದು ಅಡುಗೆಮನೆಯಲ್ಲಿ. ಜಪಾನಿನ ಅನ್ನದ ಕುಕ್ಕರ್ ಕೊಂಡರೆ ಜೊತೆಗೊಂದು ಪ್ಲಾಸ್ಟಿಕ್ ಲೋಟ ಕೊಡುತ್ತಾರೆ. ಅದು ಬೇರೆ ಅಳತೆಗಳಂತೆ 200 ಅಥವಾ 250 ಮಿಲಿಲೀಟರ್ ಅಲ್ಲ, 180. ಅದು ಒಂದು ‘ಗೋ’. ಹತ್ತು ಗೋ ಸೇರಿದರೆ ಒಂದು ‘ಶೋ’. ಅಕ್ಕಿಯ ಮದ್ಯ ಸಾಕೆಯ ದೊಡ್ಡ ಬಾಟ್ಲಿ ಈಗಲೂ 1.8 ಲೀಟರೇ. ಸಾವಿರ ಗೋ ಅಂದರೆ ಒಂದು ‘ಕೊಕು’: 180 ಲೀಟರ್, ತೂಕದಲ್ಲಿ ಸುಮಾರು 150 ಕಿಲೋ. ಒಬ್ಬ ಆಳು ವರ್ಷವಿಡೀ ಉಣ್ಣುವ ಅಕ್ಕಿ ಅದು ಎಂಬ ಲೆಕ್ಕ. ಇಷ್ಟು ಖಂಡುಗ ಬೀಜ ಹಿಡಿಯುವ ಗದ್ದೆ ಎಂದು ನಮ್ಮ ಹಳಬರು ಹೇಳುತ್ತಿದ್ದಂತೆ, ಜಪಾನಿನಲ್ಲಿ ಇಡೀ ಸಂಸ್ಥಾನವನ್ನೇ ಅಕ್ಕಿಯಲ್ಲಿ ಅಳೆಯುತ್ತಿದ್ದರು. ಮೈಲಿಯ ಲೆಕ್ಕವಲ್ಲ, ಜನರ ಲೆಕ್ಕವೂ ಅಲ್ಲ. ಹತ್ತು ಸಾವಿರ ಕೊಕು ಇದ್ದರೆ ಡೈಮ್ಯೊ ಅನ್ನಿಸಿಕೊಳ್ಳಬಹುದು. ಕನಜಾವಾದ ಮಾಯೆದಾ ಮನೆತನದ್ದು ಹತ್ತು ಲಕ್ಷ ಕೊಕುವಿನ ಸಂಸ್ಥಾನ, ಅವರಿಗಿಂತ ದೊಡ್ಡ ಡೈಮ್ಯೊ ಇರಲಿಲ್ಲ. ಐಜುವಿನದು 2,30,000. ಇನ್ನೊಂದು ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಫುಕುಶಿಮಾ ಎಂಬ ಪುಟ್ಟ ಕೋಟೆ ಊರಿನ ಇತಾಕುರಾ ಮನೆತನದ್ದು ಬರೀ 30,000.

ಇಂಥ ಸಂಸ್ಥಾನಗಳು ಸುಮಾರು 270 ಇದ್ದವು. ಪ್ರತಿಯೊಂದಕ್ಕೂ ತನ್ನ ಸೈನ್ಯ, ತನ್ನ ಕಟ್ಟಳೆ, ತನ್ನ ಖಜಾನೆ. ಎಷ್ಟೋ ಸಂಸ್ಥಾನಗಳು ತಮ್ಮದೇ ಕಾಗದದ ಹಣ ಅಚ್ಚು ಹಾಕಿಸಿಕೊಂಡಿದ್ದವು. ಮೇಲಿನ ಶೋಗನ್ ಇವರನ್ನು ಹದ್ದುಬಸ್ತಿನಲ್ಲಿಟ್ಟದ್ದು ಜಾಣತನದಿಂದ. 1615ರಲ್ಲಿ ಒಂದು ಸೀಮೆಗೆ ಒಂದೇ ಕೋಟೆ ಎಂಬ ಆಜ್ಞೆ ಬಂತು. 1635ರಲ್ಲಿ ದೊರೆಗಳು ವರ್ಷ ಬಿಟ್ಟು ವರ್ಷ ಎಡೊಗೆ, ಅಂದರೆ ಈಗಿನ ಟೋಕಿಯೊಗೆ ಬಂದು ಇರಬೇಕು ಎಂಬ ನಿಯಮ. ಹೆಂಡತಿ, ಹಿರಿಮಗ ಅಲ್ಲೇ ಒತ್ತೆ. ಸಾವಿರಾರು ಆಳುಗಳ ಮೆರವಣಿಗೆಯಲ್ಲಿ ಹೋಗುವುದು, ಬರುವುದು, ಎರಡೆರಡು ಕಡೆ ಸಂಸಾರ. ದಂಗೆ ಏಳಲು ದುಡ್ಡು ಉಳಿದರೆ ತಾನೇ? ಸಾಲದ ಬೀಜ ಬಿದ್ದದ್ದೂ ಇಲ್ಲೇ. ಇದೂ ಮುಂದೆ ಬರುತ್ತದೆ.

ಐಜುವಿನ ಕತೆಗೆ ಬರೋಣ. 1643ರಲ್ಲಿ ಐಜುವಿಗೆ ಬಂದ ದೊರೆ ಹೊಶಿನಾ ಮಸಯುಕಿ ಮೂರನೆಯ ಶೋಗನ್‌ನ ಮಲತಮ್ಮ. ಏನೇ ಆಗಲಿ, ಬೇರೆ ಸಂಸ್ಥಾನಗಳು ಯಾವ ದಾರಿ ಹಿಡಿದರೂ ಸರಿ, ನಾವು ಶೋಗನ್ ಮನೆಗೆ ನಿಷ್ಠರು ಎಂದು ಅವನು ಮನೆತನಕ್ಕೆ ಕಟ್ಟಳೆ ಬರೆದಿಟ್ಟು ಹೋದ. ಇನ್ನೂರು ವರ್ಷದ ನಂತರ ಅದೇ ಕಟ್ಟಳೆ ಕೊರಳಿಗೆ ಉರುಳಾಯಿತು. 1862ರಲ್ಲಿ, ಕ್ಯೊಟೊದ ಬೀದಿಗಳಲ್ಲಿ ದಿನಕ್ಕೊಂದು ಕೊಲೆಯಾಗುತ್ತಿದ್ದ ಹೊತ್ತಲ್ಲಿ, ಆ ಊರಿನ ಕಾವಲಿನ ಹೊಣೆಯನ್ನು ಶೋಗನ್ ಸರ್ಕಾರ ಐಜುವಿನ ದೊರೆ ಮತ್ಸುದೈರಾ ಕತಮೊರಿಯ ತಲೆಗೆ ಕಟ್ಟಿತು. ಬೇಡವೆಂದು ಮಂತ್ರಿಗಳು ಹೇಳಿದರೂ ಆತ ಒಪ್ಪಿಕೊಂಡ. ಚೋಶು ಸಂಸ್ಥಾನದ ಬಂಡುಕೋರರನ್ನು ಅಲ್ಲಿಂದ ಅಟ್ಟಿದ್ದು ಐಜುವಿನವರೇ. ಆರು ವರ್ಷ ಕಳೆಯುವುದರೊಳಗೆ ಆಟ ತಿರುಗಿತು. ಸತ್ಸುಮಾ ಮತ್ತು ಚೋಶು ಸಂಸ್ಥಾನಗಳು ಒಂದಾಗಿ, ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಕಟ್ಟಿ, ಶೋಗನ್‌ನನ್ನು ಕೆಳಗಿಳಿಸಿದವು. ಶೋಗನ್ ತಲೆಬಾಗಿ ಪಾರಾದ. ಹಳೇ ಲೆಕ್ಕ ಚುಕ್ತಾ ಮಾಡಲು ಐಜು ಸಿಕ್ಕಿತು.

1868ರ ಶರತ್ಕಾಲದಲ್ಲಿ ಒಂದು ತಿಂಗಳು ಕೋಟೆಗೆ ಮುತ್ತಿಗೆ. ಊರಿನ ಪಕ್ಕದ ಈಮೊರಿ ಗುಡ್ಡದ ಮೇಲೆ ಹದಿಹರೆಯದ ಹುಡುಗರ ಗೋರಿಗಳಿವೆ, ಹತ್ತೊಂಬತ್ತು. ಊರು ಉರಿಯುವ ಹೊಗೆಯನ್ನು ನೋಡಿ ಕೋಟೆಯೇ ಬಿತ್ತೆಂದು ತಿಳಿದು ಪ್ರಾಣ ಕಳೆದುಕೊಂಡವರು. ಕೋಟೆ ಬಿದ್ದಿರಲಿಲ್ಲ. ಅದು ಶರಣಾದದ್ದು ನವೆಂಬರ್ 6ಕ್ಕೆ. ಈ ಗುಡ್ಡಕ್ಕೆ ಹೋದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತಿತ್ತು. ಮಕ್ಕಳ ಸಾವನ್ನು ಇಷ್ಟು ಅಂದವಾಗಿ ಅಲಂಕರಿಸಿ, ಕೆಳಗಡೆ ಮರದ ಕತ್ತಿ ಮಾರುತ್ತಾರೆ. ಆದರೆ ಅಜ್ಜಿಯ ಎದುರು ಹಾಗೆ ಹೇಳುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.

ಐಜುವಿನಲ್ಲಿ ಯಾರಾದರೂ ‘ಕಳೆದ ಯುದ್ಧ’ ಅಂದರೆ ಅದು ಎರಡನೇ ಮಹಾಯುದ್ಧವಲ್ಲ, 1868ರದ್ದು ಎಂಬ ನಗೆಮಾತು ಜಪಾನಿನಲ್ಲೆಲ್ಲ ಇದೆ. ಪೂರ್ತಿ ನಗೆಮಾತೂ ಅಲ್ಲ. ಚೋಶು ಸಂಸ್ಥಾನದ ಹಳೇ ರಾಜಧಾನಿ ಹಾಗಿ. ಆ ಊರಿನವರು 1986ರಲ್ಲಿ, 120 ವರ್ಷವಾಯಿತಲ್ಲ, ಇನ್ನಾದರೂ ಸ್ನೇಹದ ಊರುಗಳಾಗೋಣ ಎಂದು ಕೇಳಿಕೊಂಡರು. ಐಜು-ವಕಮತ್ಸು ಒಪ್ಪಲಿಲ್ಲ. ಇನ್ನೂ ಬೇಗವಾಯಿತು ಅಂದರು.

ಸಿಟ್ಟಿಗೆ ದೊಡ್ಡ ಕಾರಣವಾಗಿ ಎಲ್ಲರೂ ಹೇಳುತ್ತಿದ್ದದ್ದು ಒಂದು ಮಾತು: ಗೆದ್ದವರು ನಮ್ಮ ಸತ್ತವರನ್ನು ಹೂಳಲು ಬಿಡಲಿಲ್ಲ, ಹೆಣಗಳು ಚಳಿಗಾಲವೆಲ್ಲ ಬಯಲಲ್ಲೇ ಬಿದ್ದಿದ್ದವು. ಕೆಲ ವರ್ಷಗಳ ಹಿಂದೆ ಹೂಳಿದ ಖರ್ಚಿನ ಕಡತವೊಂದು ಬೆಳಕಿಗೆ ಬಂತು. ಶರಣಾದ ಕೆಲವೇ ದಿನಗಳಲ್ಲಿ ಕೆಲಸ ಶುರುವಾಗಿ 567 ಹೆಣಗಳನ್ನು ಹೂತಿದ್ದರ ಲೆಕ್ಕ ಅದರಲ್ಲಿದೆ. ಇದು ಪತ್ರಿಕೆಯಲ್ಲಿ ಬಂದಿತ್ತಲ್ಲ ಎಂದು ಅಜ್ಜಿಯನ್ನು ಕೇಳಿದೆ. ‘ಓದಿದೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮ ಅತ್ತೆ ಬೇರೆ ಥರ ಹೇಳುತ್ತಿದ್ದರು’ ಅಂದರು. ಅಲ್ಲಿಗೆ ಮುಗಿಯಿತು.

ನನ್ನ ಪ್ರಕಾರ ಹೂಳಿದ್ದು ಬಿಟ್ಟದ್ದಕ್ಕಿಂತ ದೊಡ್ಡ ಅನ್ಯಾಯ ಆಮೇಲಿನದು. ಐಜುವಿನ ನೆಲವನ್ನು ಹೊಸ ಸರ್ಕಾರ ಕಿತ್ತುಕೊಂಡು 1869ರಲ್ಲಿ ‘ವಕಮತ್ಸು ಕೆನ್’ ಮಾಡಿತು. ಕೆನ್ ಅಂದರೆ ಸರ್ಕಾರಿ ಅಧಿಕಾರಿ ಆಳುವ ಪ್ರಾಂತ. ಸೋತ ಮನೆತನಕ್ಕೆ ಹೊನ್ಶು ದ್ವೀಪದ ಉತ್ತರದ ತುದಿಯಲ್ಲಿ, ಗಾಳಿ ಮಂಜು ಬಿಟ್ಟರೆ ಬೇರೇನೂ ಧಾರಾಳವಿಲ್ಲದ ಕಡೆ, ತೊನಾಮಿ ಎಂಬ ಹೊಸ ಸಂಸ್ಥಾನ ಕೊಟ್ಟರು. ದೊರೆಯ ಪೀಠಕ್ಕೆ ಹಾಲುಗಲ್ಲದ ಕೂಸು. ಕಾಗದದಲ್ಲಿ 30,000 ಕೊಕು. ನಿಜವಾಗಿ ಬೆಳೆಯುತ್ತಿದ್ದದ್ದು 7,000ದ ಆಸುಪಾಸು. ಹೋದ ಜನ ಸುಮಾರು 17,000. ಕೊಕು ಅಂದರೆ ಒಬ್ಬನ ವರ್ಷದ ಊಟ ಎಂದು ಆಗಲೇ ಹೇಳಿದೆನಲ್ಲ, ಗುಣಾಕಾರ ಮಾಡುವ ಅಗತ್ಯವೂ ಇಲ್ಲ. ಹಸಿವಿನಿಂದ, ಚಳಿಯಿಂದ, ಕಾಯಿಲೆಯಿಂದ ಸತ್ತರು. ಉಳಿದವರಲ್ಲಿ ಕೆಲವರು ಅಲ್ಲೇ ಬೇರು ಬಿಟ್ಟರು. ತೊನಾಮಿಯ ಆಡಳಿತ ನೋಡುತ್ತಿದ್ದ ಹಿರೊಸಾವಾ ಯಸುತೊ 1872ರಲ್ಲಿ ಈಗಿನ ಮಿಸಾವಾದ ಬಳಿ ಪಶ್ಚಿಮದ ಮಾದರಿಯ ದನದ ಫಾರ್ಮ್ ಕಟ್ಟಿದ. ಕತ್ತಿ ಹಿಡಿದ ಕೈ ಹುಲ್ಲುಗಾವಲು ಸವರಿತು.

ತೊನಾಮಿ ಎರಡು ವರ್ಷ ಪೂರೈಸಲಿಲ್ಲ. ಅಷ್ಟರಲ್ಲಿ ಸಂಸ್ಥಾನಗಳೇ ಮುಗಿದವು.

1871ರ ಆಗಸ್ಟ್ 29. ಟೋಕಿಯೊದಲ್ಲಿದ್ದ ಹಳೇ ದೊರೆಗಳನ್ನು ಅರಮನೆಗೆ ಕರೆಸಿ ಒಂದು ಆಜ್ಞೆ ಓದಿದರು: ಇಂದಿನಿಂದ ಹನ್ ಇಲ್ಲ, ಎಲ್ಲವೂ ಕೆನ್. 261 ಸಂಸ್ಥಾನಗಳು ಒಂದು ದಿನದಲ್ಲಿ ಹೋದವು. ಜಪಾನಿನ ಇತಿಹಾಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ ಇದೇ. ಇನ್ನೂರೈವತ್ತು ವರ್ಷ ಆಳಿದವರು, ಕೋಟೆ ಇದ್ದವರು, ಕತ್ತಿ ಇದ್ದವರು, ಇಷ್ಟು ಸುಮ್ಮನೆ ಹೇಗೆ ಬಿಟ್ಟುಕೊಟ್ಟರು?

ಒಂದು ಕಾರಣ ಬಂದೂಕು. ಆಜ್ಞೆಗೆ ಮೊದಲೇ ಸತ್ಸುಮಾ, ಚೋಶು, ತೊಸಾ ಸಂಸ್ಥಾನಗಳಿಂದ ಹತ್ತಿರ ಹತ್ತಿರ 10,000 ಸೈನಿಕರನ್ನು ಟೋಕಿಯೊಗೆ ತಂದು ಕೂರಿಸಿದ್ದರು. ಇನ್ನೊಂದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದು. 1869ರಲ್ಲೇ ದೊರೆಗಳು ತಮ್ಮ ನೆಲ ಜನ ಎರಡನ್ನೂ ಚಕ್ರವರ್ತಿಗೆ ‘ಹಿಂದಿರುಗಿಸಿ’, ಅದೇ ನೆಲಕ್ಕೆ ಸರ್ಕಾರ ನೇಮಿಸಿದ ಅಧಿಕಾರಿಗಳಾಗಿ ಮರಳಿ ಕೂತಿದ್ದರು. ಒಡೆತನ ಹೋಗಿ ನೌಕರಿ ಉಳಿದಿತ್ತು. ನೌಕರಿಯಿಂದ ತೆಗೆಯುವುದು ಸುಲಭ.

ಆದರೆ ನಿಜವಾದ ಕಾರಣ ಸಾಲ ಎಂದು ನನಗೆ ಅನ್ನಿಸುತ್ತದೆ. ಒಸಾಕಾದ ಸಾಹುಕಾರರಿಗೆ ತಲೆಮಾರುಗಟ್ಟಲೆ ಬಾಕಿ. ಯುದ್ಧ ಬಂದು ಅದು ಬೆಟ್ಟವಾಯಿತು. ಸೋತ ಪಕ್ಷದ ಮೊರಿಒಕಾ ಸಂಸ್ಥಾನಕ್ಕೆ ಆಗಿನ ಚಿನ್ನದ ನಾಣ್ಯದಲ್ಲಿ ಏಳು ಲಕ್ಷ ರ‍್ಯೊ ದಂಡ ಬಿದ್ದಿತ್ತು. ಕಟ್ಟಲಾಗದೆ ಅದು 1870ರಲ್ಲಿ ತಾನಾಗಿಯೇ ಸಂಸ್ಥಾನ ಬಿಟ್ಟುಕೊಟ್ಟಿತು. 1871ರ ಆಜ್ಞೆಯೊಂದಿಗೆ ಹೊಸ ಸರ್ಕಾರ ಸಂಸ್ಥಾನಗಳ ಸಾಲವನ್ನೂ ಸಮುರಾಯಿಗಳ ಸಂಬಳವನ್ನೂ ತನ್ನ ಹೆಗಲಿಗೆ ಹಾಕಿಕೊಂಡಿತು. ದೊರೆಗೆ ಹಳೇ ಆದಾಯದ ಹತ್ತನೇ ಒಂದು ಪಾಲು ಸ್ವಂತಕ್ಕೆ, ಟೋಕಿಯೊದಲ್ಲಿ ಮನೆ, ದೊಡ್ಡ ಮನುಷ್ಯನೆಂಬ ಪದವಿ. ಸಾಲಗಾರರ ಕಾಟವಿಲ್ಲ, ಸಾವಿರಾರು ಜನರನ್ನು ಸಾಕುವ ತಾಪತ್ರಯವಿಲ್ಲ. ಎಷ್ಟು ಜನ ದೊರೆಗಳು ಒಳಗೊಳಗೇ ನಿಟ್ಟುಸಿರು ಬಿಟ್ಟಿರಬೇಡ! ಮುಳುಗಿದವರು ಸಾಹುಕಾರರು. 1843 ಮತ್ತು ಅದಕ್ಕೂ ಹಿಂದಿನ ಸಾಲವನ್ನು ಸರ್ಕಾರ ಲೆಕ್ಕಕ್ಕೇ ಹಿಡಿಯಲಿಲ್ಲ. 1844ರಿಂದ 1867ರವರೆಗಿನದಕ್ಕೆ ಬಡ್ಡಿಯಿಲ್ಲದೆ 50 ವರ್ಷದ ಕಂತು. ಅದರ ಈಚಿನದಕ್ಕೆ ಮಾತ್ರ ನೂರಕ್ಕೆ ನಾಲ್ಕು ಬಡ್ಡಿ, 25 ವರ್ಷ. ಎಷ್ಟೋ ಹಳೇ ಸಾಹುಕಾರಿ ಮನೆತನಗಳು ಅಲ್ಲಿಗೆ ದಿವಾಳಿ.

ಎಲ್ಲರೂ ನಿಟ್ಟುಸಿರೇನೂ ಬಿಡಲಿಲ್ಲ. ಸತ್ಸುಮಾದ ಯಜಮಾನ ಶಿಮಾಜು ಹಿಸಮಿತ್ಸು, ಯಾರ ಸೈನ್ಯದ ಬಲದಿಂದ ಈ ಸರ್ಕಾರ ನಿಂತಿತ್ತೋ ಅವನು, ಸುದ್ದಿ ಕೇಳಿ ಸಿಟ್ಟಿನಿಂದ ರಾತ್ರಿಯಿಡೀ ಪಟಾಕಿ ಹಾರಿಸಿದನೆಂದು ಹೇಳುತ್ತಾರೆ. ಫುಕುಯಿ ಸಂಸ್ಥಾನದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅಮೆರಿಕದ ವಿಲಿಯಂ ಗ್ರಿಫಿಸ್, ಕೋಟೆಯ ದೊಡ್ಡ ಹಜಾರದಲ್ಲಿ ಸಾಲಾಗಿ ಕೂತ ಸಮುರಾಯಿಗಳು ತಮ್ಮ ಒಡೆಯನನ್ನು ಬೀಳ್ಕೊಟ್ಟದ್ದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಿರೊಶಿಮಾದಲ್ಲಂತೂ ರೈತರು ಹಳೇ ದೊರೆಯನ್ನು ಟೋಕಿಯೊಗೆ ಹೋಗಲು ಬಿಡೆವೆಂದು ಅಡ್ಡಗಟ್ಟಿ ದಂಗೆ ಎದ್ದರು. ದೊರೆಯ ಮೇಲಿನ ಪ್ರೀತಿಯೋ, ಬರುವವನು ಎಂಥವನೋ ಎಂಬ ಭಯವೋ. ಎರಡನೆಯದು ಎಂದು ನನ್ನ ಗುಮಾನಿ.

ರದ್ದು ಮಾಡಿದ್ದು ಒಂದು ದಿನದ ಕೆಲಸ. ಗೆರೆ ಎಳೆಯುವುದು ಹದಿನೇಳು ವರ್ಷ ಹಿಡಿಯಿತು. ಮೊದಲಿಗೆ ಹೆಸರು ಬದಲಾಯಿಸಿದ್ದಷ್ಟೇ, ಹಾಗಾಗಿ 302 ಕೆನ್ ಆದವು. ಕೆಲವು ನಾಲ್ಕು ಹಳ್ಳಿಯ ಗಾತ್ರದವು, ಕೆಲವುಗಳ ಹೊಲ ಇಲ್ಲೊಂದು ಚೂರು, ಎರಡು ಬೆಟ್ಟದಾಚೆ ಇನ್ನೊಂದು ಚೂರು. ಅದೇ ವರ್ಷದ ಕೊನೆಗೆ ಅವನ್ನು ಹಿಸುಕಿ 72ಕ್ಕೆ ಇಳಿಸಿದರು. ಟೋಕಿಯೊ, ಕ್ಯೊಟೊ, ಒಸಾಕಾ ಬೇರೆ. 1876ರಲ್ಲಿ ಮತ್ತೆ ಹಿಸುಕಿ 35. ಈ ಸಲ ಅತಿಯಾಯಿತು. ತೊತ್ತೊರಿ, 3,20,000 ಕೊಕುವಿನ ಸಂಸ್ಥಾನವಾಗಿದ್ದ ಊರು, ಶಿಮಾನೆಯ ಒಂದು ಮೂಲೆಯಾಗಿ ಹೋಯಿತು. ಹಳೇ ಸಮುರಾಯಿಗಳ ಕೂಗಾಟಕ್ಕೆ 1881ರ ಸೆಪ್ಟೆಂಬರ್ 12ರಂದು ಮತ್ತೆ ಬೇರೆಯಾಯಿತು, ಆ ದಿನವನ್ನು ಅಲ್ಲಿ ಈಗಲೂ ಪ್ರಾಂತದ ದಿನವಾಗಿ ಆಚರಿಸುತ್ತಾರೆ. ತೊಯಾಮಾ, ಸಾಗಾ, ಮಿಯಾಜಾಕಿ, ನಾರಾ ಒಂದೊಂದಾಗಿ ಬಿಡಿಸಿಕೊಂಡವು. ಎಲ್ಲಕ್ಕಿಂತ ಕೊನೆಗೆ, 1888ರ ಡಿಸೆಂಬರಿನಲ್ಲಿ, ಕಾಗಾವಾ ಎಹಿಮೆಯಿಂದ ಹೊರಬಂತು. 1879ರಲ್ಲಿ ರಾಜನನ್ನು ಇಳಿಸಿ ನುಂಗಿದ ಓಕಿನಾವಾವೂ ಹೊಕ್ಕೈಡೊವೂ ಸೇರಿ 47. ಇಂದಿಗೂ 47. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ಸುತ್ತಿ ಬೆರಗಾಗಿ ಬಂದಾಗ ಈ ಗೆರೆಗಳ ಶಾಯಿ ಒಣಗಿ ಹತ್ತೇ ವರ್ಷ.

ಬಿಡಿಸಿಕೊಳ್ಳಲಾಗದವರೂ ಇದ್ದರು. ಮತ್ಸುಮೊತೊ ಊರು ಚಿಕುಮಾ ಎಂಬ ಪ್ರಾಂತದ ರಾಜಧಾನಿಯಾಗಿತ್ತು. 1876ರಲ್ಲಿ ಅಲ್ಲಿನ ಸರ್ಕಾರಿ ಕಚೇರಿ ಸುಟ್ಟುಹೋಯಿತು. ಕೆಲವೇ ವಾರಗಳಲ್ಲಿ ಆ ಪ್ರಾಂತದ ಬಹುಪಾಲು ನಗಾನೊಗೆ ಸೇರಿತು. ಎರಡೂ ಊರಿನ ಮನಸ್ತಾಪ ಎಷ್ಟರಮಟ್ಟಿಗೆ ಬೆಳೆಯಿತೆಂದರೆ 1948ರಲ್ಲಿ ಪ್ರಾಂತವನ್ನು ಒಡೆಯುವ ಮಾತು ಸಭೆಯಲ್ಲಿ ಮತಕ್ಕೆ ಬರುವ ಹಂತ ಮುಟ್ಟಿತ್ತು. ಆಗ ಪ್ರೇಕ್ಷಕರ ಕಡೆಯಿಂದ ಎಲ್ಲರೂ ಶಾಲೆಯಲ್ಲಿ ಕಲಿತಿದ್ದ ‘ಶಿನಾನೊ ನೊ ಕುನಿ’ ಹಾಡು ಎದ್ದಿತು. ಶಿನಾನೊ ಆ ಸೀಮೆಯ ಹಳೇ ಹೆಸರು. ನೋಡಿ, ಮತ್ತೆ ಕುನಿ! ಒಡೆಯುವ ಮಾತು ಅಲ್ಲಿಗೆ ಬಿತ್ತು.

ಐಜುವಿನ ಸರದಿ ಬಂದದ್ದೂ ಅದೇ 1876ರ ಆಗಸ್ಟ್ 21ರಂದು. ಪಶ್ಚಿಮದ ವಕಮತ್ಸು, ನಡುವಿನ ಫುಕುಶಿಮಾ, ಸಮುದ್ರದ ಕಡೆಯ ಇವಸಾಕಿ, ಈ ಮೂರು ಕೆನ್‌ಗಳನ್ನು ಒಂದು ಮಾಡಿದರು. ನಡುವೆ ಎರಡು ಬೆಟ್ಟಸಾಲು. ಹವೆ ಬೇರೆ, ಬೆಳೆ ಬೇರೆ, ಮಾತಿನ ರಾಗ ಬೇರೆ. ಹೆಸರು ಯಾವುದು, ರಾಜಧಾನಿ ಯಾವುದು? 2,30,000 ಕೊಕುವಿನ ಐಜುವಲ್ಲ, 30,000ದ ಫುಕುಶಿಮಾ. ಹೆಸರು ಮತ್ತು ರಾಜಧಾನಿ ಹಂಚುವಾಗ ಸರ್ಕಾರ ಶತ್ರು ಸಂಸ್ಥಾನಗಳನ್ನು ಬೇಕೆಂತಲೇ ಅವಮಾನಿಸಿತು ಎಂಬ ವಾದವಿದೆ, ಪತ್ರಕರ್ತ ಮಿಯಾತಾಕೆ ಗೈಕೊತ್ಸು ಅದನ್ನು ಜನಪ್ರಿಯ ಮಾಡಿದ. ಕೇಳಲು ರುಚಿಯಾಗಿದೆ, ಆದರೆ ಪೂರ್ತಿ ನಂಬುವಂತಿಲ್ಲ. ಶೋಗನ್‌ನ ಸ್ವಂತ ಕುಲದವರ ವಕಯಾಮಾ ತನ್ನ ಹೆಸರನ್ನೂ ರಾಜಧಾನಿಯನ್ನೂ ಉಳಿಸಿಕೊಂಡಿತಲ್ಲ. ಫುಕುಶಿಮಾ ಹೆದ್ದಾರಿಯ ಮೇಲಿತ್ತು, ಕಚ್ಚಾ ರೇಷ್ಮೆಯ ವಹಿವಾಟಿನಿಂದ ಕೊಬ್ಬಿತ್ತು. 1899ರಲ್ಲಿ ಬ್ಯಾಂಕ್ ಆಫ್ ಜಪಾನ್ ಈಶಾನ್ಯ ಜಪಾನಿನಲ್ಲಿ ಮೊದಲ ಕಚೇರಿ ತೆರೆದದ್ದೂ ಅಲ್ಲೇ. ಅಧಿಕಾರಿಗಳು ಸೇಡಿಗಿಂತ ದಾರಿ, ದುಡ್ಡು ನೋಡಿರಬಹುದು. ಅಜ್ಜಿಗೆ ಇದನ್ನೂ ಹೇಳಿದೆ. ‘ನಿಮ್ಮ ಲೆಕ್ಕ ಸರಿಯಿರಬಹುದು’ ಅಂದರು. ನಮ್ಮ ಕಡೆ ಹಿರಿಯರು ಈ ಮಾತನ್ನು ಯಾವ ಧಾಟಿಯಲ್ಲಿ ಹೇಳುತ್ತಾರೋ ಅದೇ ಧಾಟಿ.

ಪ್ರಾಂತ ಆಳಲು ಬರುತ್ತಿದ್ದವರು ಟೋಕಿಯೊದಿಂದ ನೇಮಕವಾದವರು. ಜನ ತಮ್ಮ ಗವರ್ನರನ್ನು ತಾವೇ ಆರಿಸಿದ್ದು 1947ರಲ್ಲಿ. 1882ರಲ್ಲಿ ಫುಕುಶಿಮಾಕ್ಕೆ ಬಂದವನು ಮಿಶಿಮಾ ಮಿಚಿತ್ಸುನೆ. ಊರು? ಸತ್ಸುಮಾ. ಐಜುವಿನಿಂದ ಮೂರು ದಿಕ್ಕಿಗೆ, ಯೊನೆಜಾವಾ ಕಡೆ, ನೀಗಾತಾ ಕಡೆ, ನಿಕ್ಕೊ ಕಡೆ, ರಸ್ತೆ ಮಾಡುವುದು ಅವನ ಹಟ. ಅದಕ್ಕೆ ಐಜುವಿನ 15ರಿಂದ 60 ವಯಸ್ಸಿನ ಪ್ರತಿಯೊಬ್ಬರೂ ತಿಂಗಳಿಗೊಂದು ದಿನದಂತೆ ಎರಡು ವರ್ಷ ಬಿಟ್ಟಿ ದುಡಿಯಬೇಕು. ಆಗದಿದ್ದರೆ ದಿನಕ್ಕೆ ಗಂಡಸಿಗೆ 15 ಸೆನ್, ಹೆಂಗಸಿಗೆ 10 ಸೆನ್ ಕಟ್ಟಬೇಕು. ಪ್ರಾಂತದ ಸಭೆ ಅವನ ಮಸೂದೆಗಳನ್ನೆಲ್ಲ ಸಾರಾಸಗಟು ತಿರಸ್ಕರಿಸಿತು. ಅವನು ಕ್ಯಾರೇ ಅನ್ನಲಿಲ್ಲ. ದುಡ್ಡು ಕಟ್ಟದವರ ಮನೆಯ ಸಾಮಾನು ಹರಾಜಿಗೆ ಹೋಯಿತು. ನವೆಂಬರ್ 28ರಂದು ಕಿತಕತಾದ ಬಳಿ ರೈತರು ಗುಂಪುಗೂಡಿ ಪೊಲೀಸ್ ಠಾಣೆಗೆ ನುಗ್ಗಿದರು. ಅದನ್ನೇ ನೆಪ ಮಾಡಿಕೊಂಡು ಮಿಶಿಮಾ ರಾಜಕೀಯ ಎದುರಾಳಿಗಳನ್ನೆಲ್ಲ ಬಾಚಿ ಒಳಗೆ ಹಾಕಿದ. ಸಭೆಯ ಅಧ್ಯಕ್ಷ ಕೊನೊ ಹಿರೊನಾಕಾಗೆ ಏಳು ವರ್ಷ ಸೆರೆ. ಜನ ಮಿಶಿಮಾನಿಗೆ ಇಟ್ಟ ಹೆಸರು ‘ರಾಕ್ಷಸ ಗವರ್ನರ್’.

ನಾನು ಸೈಕಲ್ ಹೊಡೆದು ಕಿತಕತಾಕ್ಕೆ ರಾಮೆನ್ ತಿನ್ನಲು ಹೋಗುತ್ತಿದ್ದ ದಾರಿ ಹೆಚ್ಚುಕಮ್ಮಿ ಅದೇ ಯೊನೆಜಾವಾ ಕಡೆಯ ರಸ್ತೆ. ಒಳ್ಳೆಯ ರಸ್ತೆ, ಅದನ್ನೂ ಹೇಳಲೇಬೇಕು.

ಇಷ್ಟೆಲ್ಲ ಆಗಿ ನೂರೈವತ್ತು ವರ್ಷದ ಮೇಲೆ ಉಳಿದದ್ದೇನು? ಟಿವಿಯ ಹವಾಮಾನ ವರದಿಯಲ್ಲಿ ಫುಕುಶಿಮಾ ಒಂದು ಪ್ರಾಂತವಲ್ಲ, ಮೂರು: ಸಮುದ್ರದ ಕಡೆಯ ಹಮಾದೊರಿ, ನಡುವಿನ ನಕಾದೊರಿ, ಐಜು. ಹಮಾದೊರಿಯಲ್ಲಿ ಬಿಸಿಲಿದ್ದ ದಿನವೇ ಐಜುವಿನಲ್ಲಿ ಆಳೆತ್ತರ ಹಿಮ. 2006ರಲ್ಲಿ ಸರ್ಕಾರ ವಾಹನದ ನಂಬರ್ ಪ್ಲೇಟಿಗೆ ಊರ ಹೆಸರು ಹಾಕಲು ಬಿಟ್ಟಾಗ ಮೊದಲ ಸುತ್ತಿನಲ್ಲೇ ‘ಐಜು’ ಪ್ಲೇಟು ಬಂತು. ಹಳೇ ಐಜುವಿನ ಹುಡುಗರು ಕಲಿಯುತ್ತಿದ್ದ ಮಾತೊಂದು, ‘ಆಗದ್ದು ಆಗದ್ದೇ’ ಎಂಬುದು, ಈಗಲೂ ಊರಿನ ಫಲಕಗಳ ಮೇಲಿದೆ. ಇವನ್ನೆಲ್ಲ ನೋಡಿ, ಗೆರೆ ಕಾಗದದ ಮೇಲಷ್ಟೇ ಬಿತ್ತು, ಮಣ್ಣಿಗೆ ಇಳಿಯಲಿಲ್ಲ ಎಂದು ಬರೆಯಲು ನಾನು ತಯಾರಾಗಿದ್ದೆ.

2011ರ ಬಗ್ಗೆ ಅಜ್ಜಿ ಹೇಳಿದ ಮೇಲೆ ಹಾಗೆ ಬರೆಯುವುದು ಆಗಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ ಸುನಾಮಿ ಹೊಡೆದು ಕೆಟ್ಟ ಅಣು ಸ್ಥಾವರ ಇರುವುದು ಪೆಸಿಫಿಕ್ ದಂಡೆಯಲ್ಲಿ. ಐಜು-ವಕಮತ್ಸುವಿಗೂ ಅದಕ್ಕೂ ಸುಮಾರು 100 ಕಿಲೋಮೀಟರ್, ಮಧ್ಯೆ ಬೆಟ್ಟಗಳು. ಅಲ್ಲಿಂದ ಮನೆ ಬಿಟ್ಟವರಿಗೆ ಐಜು ಆಸರೆಯಾಯಿತು. ಸ್ಥಾವರದ ಪಕ್ಕದ ಒಕುಮಾ ಊರಿನ ಪುರಸಭೆಯೇ ಏಪ್ರಿಲ್‌ನಲ್ಲಿ ಐಜು-ವಕಮತ್ಸುವಿಗೆ ಬಂದು ಕೂತಿತು. ಆದರೆ ಸ್ಥಾವರದ ಹೆಸರು ಫುಕುಶಿಮಾ. ಐಜುವಿನ ಅಕ್ಕಿ ಚೀಲದ ಮೇಲೂ ಕಾನೂನು ಪ್ರಕಾರ ಪ್ರಾಂತದ ಹೆಸರು ಫುಕುಶಿಮಾ. ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಬರುವುದು ನಿಂತಿತು. ಅಕ್ಕಿ ಕೊಳ್ಳುವವರು ಕೈ ಹಿಂದೆಗೆದರು. 1876ರಲ್ಲಿ ಯಾರೋ ಅಧಿಕಾರಿ ಎಳೆದ ಗೆರೆ ಎಲ್ಲಿವರೆಗೆ ಇತ್ತೋ ಅಲ್ಲಿವರೆಗೂ ಭಯ ಹರಡಿತು. ಪಕ್ಕದ ತ್ಸುಗಾವಾ ಕಣಿವೆ ಇದೆ, ಅದು ಹಳೇ ಐಜು ಸಂಸ್ಥಾನದ್ದೇ. 1886ರಲ್ಲಿ ಅದನ್ನು ನೀಗಾತಾ ಪ್ರಾಂತಕ್ಕೆ ಸೇರಿಸಿದ್ದರು. ಅಲ್ಲಿನ ಅಕ್ಕಿಯ ಚೀಲದ ಮೇಲೆ ನೀಗಾತಾ ಎಂದಿರುತ್ತದೆ.

2012ರ ಬೆಳೆಯಿಂದ ಪ್ರಾಂತದ ಪ್ರತಿಯೊಂದು ಅಕ್ಕಿ ಚೀಲವನ್ನೂ ವಿಕಿರಣ ಇದೆಯೇ ಎಂದು ಯಂತ್ರದಡಿ ಹಾಯಿಸಿ ನೋಡಿದರು. 30 ಕಿಲೋದ ಚೀಲಗಳು, ವರ್ಷಕ್ಕೆ ಸುಮಾರು ಒಂದು ಕೋಟಿ. ಕಿಲೋಗೆ 100 ಬೆಕೆರೆಲ್ ಮೀರಿದರೆ ಮಾರುವಂತಿಲ್ಲ. ಹಮಾದೊರಿಯ ಚೀಲ, ಐಜುವಿನ ಚೀಲ, ಎಲ್ಲಕ್ಕೂ ಒಂದೇ ಸಾಲು, ಒಂದೇ ಚೀಟಿ. ಅಜ್ಜಿಯ ತಮ್ಮ, ಗದ್ದೆಯ ಚೀಲಗಳನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ತಪಾಸಣೆಗೆ ಒಯ್ಯುತ್ತಿದ್ದರಂತೆ. ‘ಯಾವ ವರ್ಷವೂ ಏನೂ ಸಿಗಲಿಲ್ಲ’ ಅಂದರು ಅಜ್ಜಿ. ‘ಆದರೂ ಟೋಕಿಯೊದಲ್ಲಿರುವ ಸೊಸೆ, ಮಗು ಚಿಕ್ಕದು, ಈ ಸಲ ಕಳಿಸಬೇಡಿ ಅತ್ತೆ ಅಂದಳು. ಅವಳ ತಪ್ಪಲ್ಲ.’ ಸ್ವಲ್ಪ ತಡೆದು, ‘ಅವತ್ತು ಮೊದಲ ಸಲ ನಾನು ಫುಕುಶಿಮಾದವಳು ಅನ್ನಿಸಿತು’ ಅಂದರು.

2011ರಲ್ಲೇ ಐಜುವಿಗೆ ನೆರವಿನ ಸಾಮಾನು, ದುಡ್ಡು ಕಳಿಸಿದ ಊರುಗಳಲ್ಲಿ ಹಾಗಿಯೂ ಇತ್ತು. ಐಜುವಿನವರು ಧನ್ಯವಾದ ಹೇಳಿದರು. ಸ್ನೇಹದ ಊರು ಎಂಬ ಒಪ್ಪಂದಕ್ಕೆ ಸಹಿಯಂತೂ ಬೀಳಲಿಲ್ಲ.

ನಾನು ಈಗ ಟೋಕಿಯೊ ಪಕ್ಕದಲ್ಲಿದ್ದೇನೆ. ಪ್ರತಿ ನವೆಂಬರ್ ಕೊನೆಗೆ ಅಜ್ಜಿ ಒಂದು ಪೆಟ್ಟಿಗೆ ಕಾಕಿ ಹಣ್ಣು, ಅಂದರೆ ಪರ್ಸಿಮನ್, ಕಳಿಸುತ್ತಾರೆ. ಐಜುವಿನ ತಳಿ, ಹೆಸರು ‘ಮಿಶಿರಾಜು’, ತನ್ನ ಮೈ ಅಳತೆ ತಾನರಿಯದ್ದು ಎಂದು ಅರ್ಥ. ಕೊಂಬೆ ಮುರಿಯುವಷ್ಟು ಕಾಯುತ್ತದಂತೆ. ಒಗರು ಹೋಗಲಿ ಎಂದು ಮದ್ಯ ಚಿಮುಕಿಸಿ ಮುಚ್ಚಿರುತ್ತಾರೆ, ಇಂಥ ತಾರೀಖಿನವರೆಗೆ ತೆರೆಯಬೇಡಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ನಾನು ಒಂದು ದಿನ ಮುಂಚೆಯೇ ತೆರೆಯುತ್ತೇನೆ, ನಾಲಿಗೆ ದಪ್ಪವಾಗುತ್ತದೆ. ಪಾರ್ಸೆಲ್ ಚೀಟಿಯಲ್ಲಿ ಕಳಿಸಿದವರ ವಿಳಾಸ ಅವರದೇ ಕೈಬರಹ. 965 ಎಂದು ಶುರುವಾಗುವ ಪಿನ್ ಸಂಖ್ಯೆ. ಪ್ರಾಂತದ ಹೆಸರು ಬರೆಯುವ ಜಾಗ ಖಾಲಿ. ನೇರವಾಗಿ ‘ಐಜು-ವಕಮತ್ಸು’ ಎಂದು ಶುರು. ಸಂಖ್ಯೆ ಇದ್ದರೆ ಸಾಕು, ಪ್ರಾಂತ ಬರೆಯದಿದ್ದರೂ ಜಪಾನಿನಲ್ಲಿ ಪಾರ್ಸೆಲ್ ತಲುಪುತ್ತದೆ. ಮೊದಲಿನಿಂದಲೂ ಹೀಗೇ ಬರೆಯುತ್ತಿದ್ದರೋ, ಆ ವರ್ಷದಿಂದ ಈಚೆಗೋ, ಕೇಳಬೇಕೆಂದು ಪ್ರತಿ ಸಲ ಫೋನ್ ಹಚ್ಚುತ್ತೇನೆ. ಹಣ್ಣು ಹೇಗಿತ್ತು ಎಂದು ಅವರೇ ಮೊದಲು ಕೇಳಿಬಿಡುತ್ತಾರೆ.